ಎರಡು ಸೈಕಲ್ಲಿಗೆ ಒಂದು ಜೊತೆ ದೀಪ

ಸೈಕಲ್ ದೀಪ ಜೊತೆಯಾಗಿ ಬರುತ್ತದೆ. ಮುಂದಕ್ಕೆ ಒಂದು ಬಿಳಿ, ಹಿಂದಕ್ಕೆ ಒಂದು ಕೆಂಪು. ಒಂದು ಸೈಕಲ್ಲಿಗೆ ಒಂದು ಜೊತೆ. ಇದನ್ನು ಅರ್ಥ ಮಾಡಿಕೊಳ್ಳಲು ದೊಡ್ಡ ಬುದ್ಧಿಯೇನೂ ಬೇಕಿಲ್ಲ. ಆದರೆ ಅವಳ ಗಂಡನ ತಲೆಯಲ್ಲಿ ಬುದ್ಧಿ ಅಗತ್ಯಕ್ಕಿಂತ ಒಂದು ಹಿಡಿ ಜಾಸ್ತಿಯೇ ಇತ್ತು. ಹಾಗಾಗಿ ಆರು ವರ್ಷದ ಹಿಂದೆ ಆ ಮನೆಗೆ ಎರಡು ಸೈಕಲ್ಲಿಗೆ ಸೇರಿ ಒಂದೇ ಜೊತೆ ದೀಪ ಬಂತು.

ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಡೆ ಕೆಲಸ, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ಅವನದು ಬಾಯ್ಲರ್. ಅವನು ಹಬೆ ಕೊಟ್ಟರೆ ತಾನೆ ಉಳಿದವರ ಯಂತ್ರ ತಿರುಗುವುದು, ಆದ್ದರಿಂದ ಅವನ ಮಾತಿಗೆ ಅಲ್ಲೊಂದು ತೂಕ. ಎಲ್ಲರೂ ಅವನನ್ನು ಬಾಯ್ಲರ್ ಅಂತಲೇ ಕರೆಯುತ್ತಿದ್ದರು, ಅವನೂ ಓ ಅನ್ನುತ್ತಿದ್ದ. ಅವಳದು ಮಡಿಸುವ ಮೇಜು. ಇಸ್ತ್ರಿ ರೋಲರಿನಿಂದ ಬಿಸಿಬಿಸಿಯಾಗಿ ಇಳಿಯುವ ಹಾಸಿಗೆ ಬಟ್ಟೆಯನ್ನು ಇಬ್ಬರು ಎದುರುಬದುರು ನಿಂತು ಹಿಡಿದು, ಅಂಚಿಗೆ ಅಂಚು ಕೂಡಿಸಿ, ಮಡಿಸಿ, ಹತ್ತರ ಕಟ್ಟು ಕಟ್ಟಬೇಕು. ಇಬ್ಬರದೂ ಎರಡನೇ ಪಾಳಿ, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ಮನೆಗೆ ಏಳು ಕಿಲೋಮೀಟರ್. ಅದರಲ್ಲಿ ಮೂರು ಕಿಲೋಮೀಟರ್ ಕಾಲುವೆಯ ಏರಿಯ ಮೇಲೆ; ಅಲ್ಲಿ ಬೀದಿದೀಪದ ಕಂಬಗಳಿದ್ದವೇ ಹೊರತು ದೀಪಗಳಿರಲಿಲ್ಲ.

ಮೊದಮೊದಲು ಕತ್ತಲಲ್ಲೇ ಹೋಗುತ್ತಿದ್ದರು. ಒಂದು ದಿನ ಲಾಂಡ್ರಿಯ ಗೇಟಿಗೆ ಚೀಟಿ ಅಂಟಿಸಿದರು: ದೀಪವಿಲ್ಲದ ಸೈಕಲ್ಲನ್ನು ರಾತ್ರಿ ಹೊರಗೆ ಬಿಡುವುದಿಲ್ಲ. ಮರುದಿನವೇ ಇಬ್ಬರೂ ಸೈಕಲ್ ಅಂಗಡಿಗೆ ಹೋದರು. ಅಂಗಡಿಯ ಮುದುಕ ಗಾಜಿನ ಪೆಟ್ಟಿಗೆಯಿಂದ ಒಂದೊಂದನ್ನೇ ತೆಗೆದು, ಹಚ್ಚಿ, ಆರಿಸಿ ತೋರಿಸಿದ.

"ಒಂದು ದೀಪ ನಾವು ದಾರಿ ನೋಡೋಕೆ, ಇನ್ನೊಂದು ಬೇರೆಯವರು ನಮ್ಮನ್ನ ನೋಡೋಕೆ. ಎರಡಿದ್ರೇನೇ ಪೂರ್ತಿ," ಅಂದ. "ನಿಮಗೆ ಎರಡು ಜೊತೆ ತಾನೆ?"

"ಒಂದು ಸಾಕು," ಅಂದ ಗಂಡ. "ನಾವು ಹೋಗೋದೂ ಬರೋದೂ ಒಟ್ಟಿಗೇ. ಮುಂದೆ ನಾನು, ಹಿಂದೆ ಇವಳು. ಬಿಳಿದು ನನ್ನ ಸೈಕಲ್ಲಿಗೆ, ಕೆಂಪು ಇವಳದಕ್ಕೆ. ಮುಂದಿನವರಿಗೆ ನಾನು ಕಾಣ್ತೀನಿ, ಹಿಂದಿನವರಿಗೆ ಇವಳು ಕಾಣ್ತಾಳೆ. ಮಧ್ಯದಲ್ಲಿ ಇನ್ನೆರಡು ಯಾಕೆ ದಂಡಕ್ಕೆ?"

ಮುದುಕ ಅವನನ್ನೇ ಒಂದು ಗಳಿಗೆ ನೋಡಿ ಗೊಳ್ಳೆಂದು ನಕ್ಕ. "ರೈಲಿನ ಥರ ಅನ್ನಿ. ಇಂಜಿನ್ನು ನೀವು, ಕೊನೇ ಡಬ್ಬಿ ಇವರು!"

ಅವನೂ ನಕ್ಕ. ಎಲ್ಲರಿಗಿಂತ ಜಾಸ್ತಿ ನಕ್ಕವಳು ಅವಳು. ಹಾಸ್ಯಕ್ಕಲ್ಲ, ಖುಷಿಗೆ. ಹೋಗೋದೂ ಬರೋದೂ ಒಟ್ಟಿಗೇ ಅಂತ ಗಂಡ ಹೊರಗಿನವರೆದುರು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಮದುವೆಯಾದ ಮೇಲೆ ಅವನ ಬಾಯಿಂದ ಅಷ್ಟು ಪ್ರೀತಿಯ ಮಾತು ಅವಳು ಕೇಳಿರಲಿಲ್ಲ. ಅದು ಪ್ರೀತಿಯ ಮಾತೋ ಉಳಿತಾಯದ ಮಾತೋ ಅಂತ ಆಗ ಯೋಚಿಸಲಿಲ್ಲ, ಪಾಪ.

ಗೇಟಿನ ಕಾವಲುಗಾರನೂ ಒಪ್ಪಿದ. ಇಬ್ಬರೂ ಕೂಡಿ ಹೊರಟರೆ ಸರಿ, ಒಬ್ಬೊಬ್ಬರೇ ಬಂದರೆ ಬಿಡಲ್ಲ ಅಂದ. ಅವಳಿಗೆ ಅದೂ ಹಿತವಾಗಿಯೇ ಕೇಳಿಸಿತು.

ಆರು ವರ್ಷ ಹಾಗೇ ನಡೆಯಿತು. ಅವನು ಮುಂದೆ, ಅವಳು ಹಿಂದೆ. ಅವನ ಬೆಳಕು ಅವನ ಚಕ್ರದ ಮುಂದೆ ಬೀಳುತ್ತಿತ್ತು. ಅವನು ಗುಂಡಿ ತಪ್ಪಿಸಿದರೆ ಅವಳೂ ತಪ್ಪಿಸಬೇಕು, ಎಡಕ್ಕೆ ವಾಲಿದರೆ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಅವನು ಯಾಕೆ ವಾಲಿದ ಅಂತ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಕಲ್ಲೋ ನಾಯಿಯೋ ನೀರೋ. ಅವನ ಬೆನ್ನಿನ ಮೇಲೆ ಕಣ್ಣಿಟ್ಟು ಕಾಲು ತುಳಿಯುತ್ತಿದ್ದಳು. ಆರು ವರ್ಷದಲ್ಲಿ ಅವಳು ಆ ದಾರಿಯನ್ನು ನೋಡಿದ್ದಕ್ಕಿಂತ ಆ ಬೆನ್ನನ್ನು ನೋಡಿದ್ದೇ ಹೆಚ್ಚು. ಅವನು ದಣಿದಿದ್ದಾನೋ, ಮೇಲಿನವರ ಹತ್ತಿರ ಬೈಸಿಕೊಂಡಿದ್ದಾನೋ, ಹಸಿದಿದ್ದಾನೋ, ಎಲ್ಲ ಬೆನ್ನು ನೋಡಿಯೇ ಹೇಳಬಲ್ಲವಳಾಗಿದ್ದಳು.

ಅವನು ಮಾತ್ರ ಒಮ್ಮೆಯೂ ಹಿಂತಿರುಗಿ ನೋಡುವವನಲ್ಲ. ಹೋದ ಚಳಿಗಾಲದಲ್ಲಿ ಏರಿಯ ಮೇಲೆ ಅವಳ ಚೈನ್ ಕಳಚಿಕೊಂಡಿತು. "ರೀ, ನಿಲ್ಲಿ!" ಎಂದು ಕೂಗಿದಳು. ಗಾಳಿ ಎದುರಿತ್ತು. ಬಿಳಿ ಬೆಳಕು ಚಿಕ್ಕದಾಗುತ್ತಾ ಆಗುತ್ತಾ ತಿರುವಿನಲ್ಲಿ ಮರೆಯಾಯಿತು. ಕತ್ತಲಲ್ಲಿ ತಡಕಾಡಿ, ಬೆರಳೆಲ್ಲ ಗ್ರೀಸ್ ಮಾಡಿಕೊಂಡು, ಕೂರಿಸಲಾಗದೆ ಸೈಕಲ್ಲನ್ನು ತಳ್ಳಿಕೊಂಡೇ ಮನೆ ಮುಟ್ಟಿದಾಗ ಮುಕ್ಕಾಲು ಗಂಟೆ ಕಳೆದಿತ್ತು. ಅವನು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ.

"ಇಷ್ಟು ಹೊತ್ತು ಎಲ್ಲಿದ್ದೆ?" ಅಂದ.

ಆ ರಾತ್ರಿ ಅವಳೇ ಅವನ ಪರವಾಗಿ ವಾದ ಮಾಡಿದಳು, ಮನಸ್ಸಿನಲ್ಲಿ. ಹಿಂದೆ ನೋಡಲು ಅವನಿಗೇನು ಕನ್ನಡಿಯಿದೆಯಾ? ಗಾಳಿಯಲ್ಲಿ ಕೂಗು ಕೇಳಿಸುತ್ತದಾ? ದಣಿದು ಬಂದವನು ಹೊಟ್ಟೆ ಕಟ್ಟಿಕೊಂಡು ಕಾಯಬೇಕಾ? ದುಡ್ಡು ಕೊಟ್ಟು ಇಟ್ಟ ವಕೀಲನೂ ಅಷ್ಟು ಚೆನ್ನಾಗಿ ವಾದಿಸುತ್ತಿರಲಿಲ್ಲ. ಆರೋಪಿಯನ್ನು ಬಿಡಿಸಿಕೊಂಡು ಬಂದು ನೆಮ್ಮದಿಯಾಗಿ ಮಲಗಿದಳು.

ಹೀಗಿರುವಾಗ ಮೊದಲನೇ ಪಾಳಿಯ ಬಾಯ್ಲರಿನವನು ಕೆಲಸ ಬಿಟ್ಟ. ಬೆಳಿಗ್ಗೆ ಐದಕ್ಕೆ ಹಬೆ ಎಬ್ಬಿಸಲು ಅನುಭವಸ್ಥರೇ ಬೇಕು ಅಂತ ಗಂಡನನ್ನು ಆ ಪಾಳಿಗೆ ಹಾಕಿದರು. ಅವನಿಗೆ ಹೆಮ್ಮೆಯೋ ಹೆಮ್ಮೆ. ಅವಳು ಮಾತ್ರ ಗಂಟೆಗಳ ಲೆಕ್ಕ ಹಾಕಿದಳು. ಇನ್ನು ಮೇಲೆ ಅವನು ಬೆಳಗಿನ ಜಾವ ನಾಲ್ಕೂಕಾಲಿಗೆ ಒಬ್ಬನೇ ಹೋಗಬೇಕು, ಅವಳು ರಾತ್ರಿ ಹತ್ತಕ್ಕೆ ಒಬ್ಬಳೇ ಬರಬೇಕು.

ಮಡಿಸುವ ವಿಭಾಗದ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಅವಳನ್ನು ಕರೆದು, "ನೋಡಮ್ಮ, ಮೊದಲನೇ ಪಾಳೀಲಿ ಒಂದು ಜಾಗ ಇದೆ. ಆದ್ರೆ ಮಡಿಸೋ ಕಡೆ ಅಲ್ಲ, ಕೊಳೆ ವಿಂಗಡಿಸೋ ಕಡೆ. ಯಜಮಾನ್ರ ಜೊತೇಲಿ ಹೋಗಿ ಬರೋದಿದ್ರೆ ಗುರುವಾರದೊಳಗೆ ಹೇಳು," ಅಂದಳು.

ಕೊಳೆ ವಿಂಗಡಿಸುವುದೆಂದರೆ ಆಸ್ಪತ್ರೆಯಿಂದ ಬಂದ ಚೀಲಗಳನ್ನು ಬಿಚ್ಚಿ, ರಕ್ತ, ಕೀವು, ಮಲಮೂತ್ರದ ಬಟ್ಟೆಗಳನ್ನು ಬೇರೆ ಬೇರೆ ಮಾಡುವುದು. ಹೊಸದಾಗಿ ಸೇರಿದವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಅವಳೂ ಮೂರು ವರ್ಷ ಅಲ್ಲಿ ಮೂಗು ಕಟ್ಟಿಕೊಂಡು ದುಡಿದು, ಒಂಬತ್ತು ವರ್ಷದಿಂದ ಮೇಜಿನ ಕಡೆ ಇದ್ದಳು. ಈಗ ಎಂಟು ಜನ ಹೆಂಗಸರ ಮೇಜಿಗೆ ಅವಳೇ ಮುಖ್ಯಸ್ಥೆ. ಅದನ್ನು ಬಿಟ್ಟು ಮತ್ತೆ ಕೊಳೆಗೆ ಇಳಿಯಬೇಕು. ಆದರೂ ಅವಳು ಇಳಿಯುವುದೆಂದೇ ಮನಸ್ಸು ಮಾಡಿದ್ದಳು. ಒಟ್ಟಿಗೆ ಹೋಗಿ ಬರಬಹುದಲ್ಲ ಎಂಬ ಒಂದೇ ಆಸೆ. ಗುರುವಾರದವರೆಗೆ ಸಮಯ ಇದೆಯಲ್ಲ ಅಂತ ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಅಲ್ಲಿಯವರೆಗೆ ದೀಪದ ಗತಿ? ಭಾನುವಾರ ಅವನು ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಕೇಳಿದಳು. "ರೀ, ನಾಳೆಯಿಂದ ನನಗೆ ಮುಂದೆ ದೀಪ ಇರಲ್ಲ."

"ನನಗೆ ಹಿಂದೆ ಇರಲ್ಲ," ಅಂದ ಅವನು, ಇಬ್ಬರಿಗೂ ಸಮಪಾಲು ಎಂಬಂತೆ. "ನೋಡೋಣ ಬಿಡು."

ಸೋಮವಾರ ಅವನು ಪಾಳಿ ಮುಗಿಸಿ ಬರುವುದಕ್ಕೂ ಅವಳು ಹೊರಡುವುದಕ್ಕೂ ಹತ್ತು ನಿಮಿಷ ಸಿಕ್ಕಿತು. ಮತ್ತೆ ಕೇಳಿದಳು. "ಟಾರ್ಚು ಇದೆಯಲ್ಲ ಮನೇಲಿ," ಅಂದ. ಇತ್ತು. ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಹ್ಯಾಂಡಲ್ಲು. ಬ್ರೇಕ್ ಹಿಡಿಯಲು ಮೂರನೇ ಕೈ ಬೇಕಿತ್ತು, ಅದೊಂದು ಅವಳ ಹತ್ತಿರ ಇರಲಿಲ್ಲ. ಗೇಟಿನ ಕಾವಲುಗಾರ ಟಾರ್ಚು ನೋಡಿ ತಲೆ ಕೆರೆದುಕೊಂಡು, ಹೋಗಲಿ ಪಾಪ ಅಂತ ಬಿಟ್ಟ.

ಮಂಗಳವಾರ ರಾತ್ರಿ ಏರಿಯ ಮೇಲೆ ಯಾರೋ ಜಲ್ಲಿ ಸುರಿದಿದ್ದರು. ಟಾರ್ಚಿನ ಬೆಳಕು ಎಲ್ಲೋ ಇತ್ತು, ಜಲ್ಲಿ ಇನ್ನೆಲ್ಲೋ ಇತ್ತು. ಸೈಕಲ್ಲು ಒಂದು ಕಡೆ, ಅವಳು ಒಂದು ಕಡೆ. ಮೊಣಕಾಲು ಸುಲಿದು ಹೋಯಿತು, ಬಲ ಅಂಗೈ ಹರಿಯಿತು. ಇನ್ನೊಂದು ಮಾರು ಆಚೆ ಬಿದ್ದಿದ್ದರೆ ಕಾಲುವೆ. ಎದ್ದು ಕುಂಟುತ್ತಾ ಮನೆಗೆ ಬಂದು ದೀಪ ಹಾಕಿದಾಗ ಅವನಿಗೆ ಎಚ್ಚರವಾಯಿತು. ಮೊಣಕಾಲು ನೋಡಿದ.

"ನೋಡಿಕೊಂಡು ಓಡಿಸಬಾರದಾ?" ಅಂದ.

ಏನು ನೋಡಿಕೊಂಡು, ಯಾವುದರಿಂದ ನೋಡಿಕೊಂಡು? ಅವಳಿಗೆ ಅಳುವೂ ಬಂತು, ನಗುವೂ ಬಂತು. ಎರಡನ್ನೂ ನುಂಗಿ, "ನನಗೆ ಮುಂದೆ ಒಂದು ದೀಪ ಬೇಕು ರೀ," ಅಂದಳು. ಅದು ಮೂರನೇ ಸಲ.

"ಹೂಂ," ಎಂದು ಮಗ್ಗುಲು ಬದಲಿಸಿದ.

ಬುಧವಾರ ಮೇಜಿನ ಹತ್ತಿರ ಅಂಗೈಯ ಗಾಯ ಬಿರಿದು ಒಗೆದ ಬಟ್ಟೆಯ ಮೇಲೆ ಕೆಂಪು ಕಲೆ ಬಿತ್ತು. ಅವಳ ಎದುರು ನಿಂತಿದ್ದ ಹುಡುಗಿ ಗಾಬರಿಯಾಗಿ ನೋಡಿದಳು. ಒಂಬತ್ತು ವರ್ಷದಲ್ಲಿ ಅವಳ ಕೈಯಿಂದ ಒಂದು ಬಟ್ಟೆ ವಾಪಸ್ ಒಗೆಯಲು ಹೋದದ್ದು ಅದೇ ಮೊದಲು. ಅವಮಾನವಾಯಿತು. ಇನ್ನು ಕಾಯುವುದು ಬೇಡ, ನಾಳೆ ಕೆಲಸಕ್ಕೆ ಹೋಗುವ ಮೊದಲು ತಾನೇ ಹೋಗಿ ಒಂದು ದೀಪ ತರುವುದು ಅಂತ ಅಂದುಕೊಂಡಳು. ಮೊದಲನೇ ಪಾಳಿಗೆ ಹೋದರೂ ಇರಲಿ, ಒಂದು ದೀಪ ಜಾಸ್ತಿ ಇದ್ದರೆ ಇಬ್ಬರಿಗೂ ಒಳ್ಳೆಯದೇ. ನೋಡಿ, ಬಿದ್ದವಳು ಅವಳು, ಆದರೂ ಲೆಕ್ಕಾಚಾರ ಇನ್ನೂ ಇಬ್ಬರದ್ದೇ.

ಗುರುವಾರ ಹನ್ನೆರಡು ಗಂಟೆಗೆ ಅಂಗಡಿಗೆ ಹೋದಳು. ಮುದುಕ ಈಗ ಅಂಗಡಿಗೆ ಬರುತ್ತಿರಲಿಲ್ಲ, ಮಗಳು ನೋಡಿಕೊಳ್ಳುತ್ತಿದ್ದಳು. ಚುರುಕು ಹುಡುಗಿ. ಹಗಲು ಬೆಳಕಲ್ಲಿ ದೀಪ ಆಯ್ಕೆ ಮಾಡೋದು ಕಣ್ಣು ಮುಚ್ಚಿಕೊಂಡು ಸೀರೆ ಆಯ್ಕೆ ಮಾಡಿದ ಹಾಗೆ ಅಂತ ಹೇಳಿ, ಅವಳನ್ನು ಟೈರುಗಳ ವಾಸನೆಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು. ಒಂದೊಂದೇ ದೀಪವನ್ನು ಗೋಡೆಗೆ ಬಿಟ್ಟು ತೋರಿಸಿದಳು.

"ಇದು ನೋಡಿ ಅಕ್ಕ, ಪ್ರಖರ ಇದೆ, ಎಲ್ಲರೂ ಇದನ್ನೇ ಕೇಳ್ತಾರೆ. ಆದ್ರೆ ಗುಂಡಗೆ ಎಲ್ಲಾ ಕಡೆ ಚೆಲ್ಲುತ್ತೆ, ಎದುರಿಗೆ ಬರೋನ ಕಣ್ಣಿಗೆ ಹೊಡೆಯುತ್ತೆ. ಅವನು ಕಣ್ಣು ಕುಕ್ಕಿ ನಿಮ್ಮ ಮೇಲೇ ಬರ್ತಾನೆ. ಇದು ನೋಡಿ, ಮೇಲ್ಗಡೆ ಗೆರೆ ಎಳೆದ ಹಾಗೆ ನಿಂತುಬಿಡುತ್ತೆ. ಬೆಳಕೆಲ್ಲ ನೆಲಕ್ಕೇ. ದೀಪ ಇಲ್ಲದ ರಸ್ತೆಗೆ ಇದೇ ಸರಿ."

ಅವಳು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದಳು. ಗುಂಡಿ ಒತ್ತಿ ನೋಡಿದಳು. ಹಬೆಯಲ್ಲಿ ಊದಿದ ಬೆರಳಿಗೂ ಸಿಗುವಷ್ಟು ದೊಡ್ಡದಿತ್ತು. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಗಂಟೆ, ಮಳೆಯಲ್ಲಿ ನೆನೆದರೆ ಏನು, ಕೆಟ್ಟ ರಸ್ತೆಯಲ್ಲಿ ತಲೆ ತಗ್ಗಿಸಿಬಿಡುತ್ತದಾ, ಎಲ್ಲ ಕೇಳಿದಳು. ಹುಡುಗಿ ಒಂದಕ್ಕೂ ಬೇಸರಪಡದೆ ಉತ್ತರ ಕೊಟ್ಟಳು. ಇಷ್ಟು ವರ್ಷದಲ್ಲಿ ತನಗೇನು ಬೇಕೆಂದು ಯಾರಾದರೂ ಇಷ್ಟು ಹೊತ್ತು ಕೇಳಿಸಿಕೊಂಡದ್ದು ಅವಳಿಗೆ ನೆನಪಿರಲಿಲ್ಲ.

"ಇದೇ ಇರಲಿ," ಅಂದಳು, ನೆಲಕ್ಕೆ ಬೀಳುವ ದೀಪ ತೋರಿಸಿ. "ಮುಂದಿನದು ಮಾತ್ರ ಸಾಕು. ಹಿಂದೆ ಹಳೇದಿದೆ."

"ಬಿಡಿಯಾಗಿ ಬರಲ್ಲ ಅಕ್ಕ, ಜೊತೇನೇ ತಗೋಬೇಕು," ಅಂದ ಹುಡುಗಿ ಥಟ್ಟನೆ ಹಣೆ ಬಡಿದುಕೊಂಡಳು. "ಅಯ್ಯೋ, ತಾಳಿ! ನಿಮ್ಮ ಅದೃಷ್ಟ ನೋಡಿ!"

ಹೊರಗೆ ಓಡಿಹೋಗಿ ಒಂದು ಡಬ್ಬಿ ತಂದಳು. ಅದೇ ಕಂಪನಿ, ಅದೇ ದೀಪ. ಡಬ್ಬಿಯಲ್ಲಿ ಬಿಳಿ ದೀಪ ಇತ್ತು, ಕೆಂಪು ದೀಪದ ಜಾಗ ಖಾಲಿ.

"ನಿನ್ನೆ ಸಂಜೆ ಒಬ್ರು ಬಂದಿದ್ರು. ಅವರಿಗೆ ಹಿಂದಿಂದು ಮಾತ್ರ ಬೇಕಿತ್ತು. ಬಿಡಿಯಾಗಿ ಬರಲ್ಲ ಅಂದೆ. ಸರಿ ಅಂತ ಪೂರ್ತಿ ಜೊತೆಗೇ ದುಡ್ಡು ಕೊಟ್ಟು, ಕೆಂಪು ದೀಪ ಬಿಚ್ಕೊಂಡು, ಬಿಳಿದನ್ನ ಇಲ್ಲೇ ಬಿಟ್ಟುಹೋದ್ರು. ಯಾರಾದ್ರೂ ಕೇಳಿದ್ರೆ ಅರ್ಧ ಬೆಲೆಗೆ ಕೊಡಿ, ಆಮೇಲೆ ಬಂದು ದುಡ್ಡು ಇಸ್ಕೋತೀನಿ ಅಂದ್ರು. ನಿಮಗೇ ಅಂತ ಇಟ್ಟ ಹಾಗಾಯ್ತು ನೋಡಿ!"

ಅವಳ ಕೈ ಡಬ್ಬಿಯ ಮೇಲೇ ನಿಂತಿತು. ಸೈಕಲ್ಲಿರುವವರು ಸಾವಿರ ಜನ ಇದ್ದಾರೆ, ಯಾರೋ ಇರಬೇಕು ಅಂದುಕೊಂಡಳು. ಆದರೂ ಬಾಯಿ ಸುಮ್ಮನಿರಲಿಲ್ಲ. "ಹೇಗಿದ್ರು ಅವರು?"

"ಎತ್ತರಕ್ಕೆ, ಮುಂಗೈ ಎಲ್ಲ ಸುಟ್ಟ ಕಲೆ. ಬಾಯ್ಲರ್ ಕೆಲಸ ಅಂತೆ. ಅವರ ಮುಂದಿನ ದೀಪ ನಮ್ಮಪ್ಪ ಮಾರಿದ್ದೇ, ಹಳೇ ಮಾದರಿ. ಹಿಡಿ ಮುರಿದು ಹಸಿರು ಬಟ್ಟೆ ಪಟ್ಟಿ ಕಟ್ಟಿದ್ರು, ಆಸ್ಪತ್ರೆ ಬಟ್ಟೆ ಥರದ್ದು. ಗಟ್ಟಿಯಾಗೇ ಕಟ್ಟಿದ್ರು ಬಿಡಿ."

ಗಟ್ಟಿಯಾಗೇ ಕಟ್ಟಿರುತ್ತದೆ. ಕಟ್ಟಿದವಳು ಅವಳೇ.

ಹುಡುಗಿಗೆ ಕಥೆ ಹೇಳುವ ಹುಮ್ಮಸ್ಸು. "ಪಾಳಿ ಬದಲಾಗಿದೆ, ಬೆಳಗಿನ ಜಾವ ಹಿಂದಿನಿಂದ ಲಾರಿ ಬರುತ್ತೆ, ಭಯ ಆಗುತ್ತೆ ಅಂದ್ರು. ಇಷ್ಟು ದಿನ ಹಿಂದೆ ದೀಪ ಇರಲಿಲ್ವಾ ಅಂದೆ. ಇತ್ತು, ಈಗ ಇಲ್ಲ, ಅಂದ್ರು."

ಇತ್ತು, ಈಗ ಇಲ್ಲ. ಆರು ವರ್ಷ ಚಳಿ ಮಳೆಯೆನ್ನದೆ ಅವನ ಬೆನ್ನ ಹಿಂದೆ ಬಂದ ಹೆಂಡತಿಯ ವಿಚಾರ ಅಷ್ಟೇ ಪದಗಳಲ್ಲಿ ಮುಗಿಯಿತು. ಅದನ್ನಾದರೂ ಅವಳು ತಡೆದುಕೊಳ್ಳುತ್ತಿದ್ದಳು. ಲಾರಿಗೆ ಹೆದರುವುದು ತಪ್ಪಲ್ಲ, ದೀಪ ಕೊಳ್ಳುವುದೂ ತಪ್ಪಲ್ಲ; ಒಳಗಿನ ವಕೀಲ ಆಗಲೇ ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಆದರೆ ಹುಡುಗಿಯ ಮಾತು ಮುಗಿದಿರಲಿಲ್ಲ.

"ನಾನೇ ಹೇಳ್ದೆ ಅಕ್ಕ, ಹೊಸಾ ದೀಪ ಯಾಕೆ ಬಿಟ್ಟು ಹೋಗ್ತೀರಾ, ತಗೊಂಡು ಹೋಗಿ, ಮನೇಲಿ ಬೇರೆ ಯಾರೂ ಸೈಕಲ್ ಓಡಿಸೋರು ಇಲ್ವಾ ಅಂತ."

"ಏನಂದ್ರು?"

"ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. ಆಮೇಲೆ, ಇಲ್ಲ, ನಾನೊಬ್ಬನೇ, ಅಂದ್ರು."

ಯೋಚನೆ ಮಾಡದೆ ಅಂದಿದ್ದರೆ ಅವಸರದಲ್ಲಿ ಬಾಯಿ ತಪ್ಪಿತು ಅನ್ನಬಹುದಿತ್ತು. ಅವನು ಯೋಚನೆ ಮಾಡಿದ್ದ. ಮನೆಯನ್ನು ಕಣ್ಣ ಮುಂದೆ ತಂದುಕೊಂಡು, ನಡುಮನೆ, ಅಡುಗೆಮನೆ, ಸೈಕಲ್ ನಿಲ್ಲಿಸುವ ಓಣಿ, ಎಲ್ಲ ಕಡೆ ಹುಡುಕಿ ನೋಡಿದ್ದ. ಹಿಂದಿನ ರಾತ್ರಿ ಸುಲಿದ ಮೊಣಕಾಲು ನೋಡಿದ ಕಣ್ಣಿನಿಂದಲೇ ನೋಡಿದ್ದ. ಅಲ್ಲಿ ಸೈಕಲ್ ಓಡಿಸುವವರು ಯಾರೂ ಕಾಣಿಸಿರಲಿಲ್ಲ. ವಕೀಲ ಸುಮ್ಮನೆ ಕೂತ.

"ಹಾಕಿಕೊಡ್ಲಾ ಅಕ್ಕ ಇದನ್ನ? ಅರ್ಧ ಬೆಲೆ."

"ಬೇಡಮ್ಮ. ಹೊಸ ಜೊತೆ ಕೊಡು. ಎರಡನ್ನೂ ನನ್ನ ಸೈಕಲ್ಲಿಗೇ ಹಾಕು."

"ಎರಡೂ ಒಂದೇ ದೀಪ, ಸುಮ್ನೆ ಯಾಕೆ ಪೂರ್ತಿ ದುಡ್ಡು—"

"ಜೊತೆ ಕೊಡು ಅಂದೆನಲ್ಲ."

ಹುಡುಗಿ ಮುಖ ಚಿಕ್ಕದು ಮಾಡಿಕೊಂಡು ಸ್ಪ್ಯಾನರ್ ಹುಡುಕಿದಳು. ಗದರಿದ್ದಕ್ಕೆ ಅವಳಿಗೇ ಬೇಜಾರಾಯಿತು. ಗದರಬೇಕಾದವರು ಅಲ್ಲಿರಲಿಲ್ಲ, ಇದ್ದವಳು ಸಿಕ್ಕಿದಳು.

ಎರಡು ಗಂಟೆಗೆ ಮೇಲ್ವಿಚಾರಕಿಯ ಕೋಣೆಗೆ ಹೋಗಿ, "ಮೊದಲನೇ ಪಾಳಿ ಬೇಡಮ್ಮ, ಇಲ್ಲೇ ಇರ್ತೀನಿ," ಅಂದಳು.

"ಯಜಮಾನ್ರು ಒಪ್ಪಿದ್ರಾ?"

"ಅವರನ್ನ ಕೇಳೋದೇನಿದೆ?" ಅಂದಳು. ಹೇಳಿದ ಮೇಲೆ ಅವಳಿಗೇ ಆ ಮಾತು ಹೊಸದಾಗಿ ಕೇಳಿಸಿತು.

ಆ ರಾತ್ರಿ ಏರಿಯ ಮೇಲೆ ದೀಪ ಹಚ್ಚಿದಳು. ಬೆಳಕು ಚಾಪೆ ಹಾಸಿದಂತೆ ನೆಲದ ಮೇಲೆ ಬಿತ್ತು. ಗುಂಡಿಗಳು ಕಂಡವು, ಜಲ್ಲಿ ಕಂಡಿತು, ಜಲ್ಲಿಯ ಪಕ್ಕ ಹೋಗಲು ಬೇಕಾದಷ್ಟು ಜಾಗ ಇದ್ದದ್ದೂ ಕಂಡಿತು. ಏರಿಯುದ್ದಕ್ಕೂ ತೂಬಿನ ಕಲ್ಲುಗಳಿದ್ದವು, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಸಂಖ್ಯೆ. ಆರು ವರ್ಷ ಓಡಾಡಿದ ದಾರಿಯಲ್ಲಿ ಅವಳು ಅವನ್ನು ರಾತ್ರಿ ಒಮ್ಮೆಯೂ ನೋಡಿರಲಿಲ್ಲ. ಚೆನ್ನಾಗಿದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಸಿಟ್ಟು ಮಾತ್ರ ಇತ್ತು, ಅದು ಮನೆಯವರೆಗೂ ಆರಲಿಲ್ಲ.

ಓಣಿಯಲ್ಲಿ ಸೈಕಲ್ ನಿಲ್ಲಿಸುವ ಸದ್ದಿಗೆ ಅವನಿಗೆ ಎಚ್ಚರವಾಯಿತು, ನೀರು ಕುಡಿಯಲು ಎದ್ದು ಬಂದ. ಹೊಸ ದೀಪ ಕಣ್ಣಿಗೆ ಬಿತ್ತು.

"ಮುಂದಿಂದೂ ತಗೊಂಡ್ಯಾ? ಅಯ್ಯೋ, ಬೇಕು ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತಾ? ನಿನ್ನೆ ತಾನೆ ಇಂಥದ್ದೇ ಒಂದನ್ನ ಅಂಗಡೀಲಿ ಬಿಟ್ಟು ಬಂದೆ. ಸುಮ್ನೆ ದುಡ್ಡು ದಂಡ."

ಅವಳು ತಟ್ಟೆ ತೆಗೆದುಕೊಂಡು ಊಟಕ್ಕೆ ಕೂತಳು. ಭಾನುವಾರ ಹೇಳಿದ್ದೆ, ಸೋಮವಾರ ಹೇಳಿದ್ದೆ, ಮಂಗಳವಾರ ಹೇಳಿದ್ದೆ ಅನ್ನಬಹುದಿತ್ತು. ನಾಲ್ಕನೇ ಸಲ ಹೇಳುವ ಚೈತನ್ಯ ಇರಲಿಲ್ಲ.

"ಮೊದಲನೇ ಪಾಳಿಗೆ ಬರಲ್ಲ ಅಂತ ಹೇಳಿಬಿಟ್ಟೆ ಇವತ್ತು," ಅಂದಳು.

"ಯಾಕೆ? ಒಟ್ಟಿಗೆ ಹೋಗಬಹುದಿತ್ತಲ್ಲ."

"ಈ ಮನೇಲಿ ಸೈಕಲ್ ಓಡಿಸೋರು ನೀವೊಬ್ಬರೇ ಅಂತೆ."

ಅವಳು ಕಾದಳು. ತಲೆ ತಗ್ಗಿಸುತ್ತಾನೆ, ಇಲ್ಲ ಸುಳ್ಳು ಹೇಳುತ್ತಾನೆ, ಇಲ್ಲ ರೇಗುತ್ತಾನೆ. ಮೂರಕ್ಕೂ ಅವಳು ತಯಾರಿದ್ದಳು. ಅವನು ರೇಗಿದ, ನಿಜ. ಲೋಟವನ್ನು ಠಪ್ಪೆಂದು ಕುಕ್ಕಿದ.

"ಯಾವನು ಹಾಗಂದಿದ್ದು? ಇಷ್ಟು ವರ್ಷದಿಂದ ನೀನು ಓಡಿಸ್ತಿಲ್ವಾ? ನಿನ್ನ ನೋಡಿಲ್ವಂತಾ ಅವನು? ಹೆಸರು ಹೇಳು, ನಾಳೆ ನಾನೇ ಹೋಗಿ ವಿಚಾರಿಸ್ತೀನಿ!"

ಅವಳು ಅವನ ಮುಖವನ್ನು ದಿಟ್ಟಿಸಿ ನೋಡಿದಳು. ನಾಟಕವಿರಲಿಲ್ಲ. ಅವಳ ಪರವಾಗಿ ನಿಜವಾಗಿಯೂ ಸಿಟ್ಟು ಬಂದಿತ್ತು ಅವನಿಗೆ. ನಿನ್ನೆ ತಾನಾಡಿದ ಮಾತು ನೆನಪಿನಲ್ಲಿ ಉಳಿಯುವಷ್ಟು ದೊಡ್ಡದೆಂದೂ ಅವನಿಗೆ ಅನ್ನಿಸಿರಲಿಲ್ಲ.

"ಮಲಗಿ ಹೋಗಿ," ಅಂದಳು ಅವಳು. "ನಾಲ್ಕಕ್ಕೆ ಏಳಬೇಕು ನೀವು."